ಚಿಕ್ಲಗ್ ಊರು ನಕ್ಷೆಯಲ್ಲಿ ಎಲ್ಲಿ ಬರಬೇಕು?

ಭಾನುವಾರದ_ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಈಗ ದಾವೀದನ ಅಲೆದಾಟದ ಪಾಠ ನಡೆಯುತ್ತಿದೆ. ಗೋಡೆಗೆ ಹಾಕಲು ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ನಕ್ಷೆ ಬರೆಯುತ್ತಿದ್ದೇನೆ. ಬೇತ್ಲೆಹೇಮ್, ಹೆಬ್ರೋನ್, ಏಂಗೆದಿ ಸುಲಭವಾಗಿ ಸಿಕ್ಕವು. ಗತ್ ಕೂಡ ಸಿಕ್ಕಿತು. ಚಿಕ್ಲಗ್ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಅರಸ ಸೌಲನಿಗೆ ಹೆದರಿ ದಾವೀದ ಶತ್ರುಗಳಾದ ಫಿಲಿಷ್ಟಿಯರ ಕಡೆ ಹೋಗುತ್ತಾನೆ. ಗತ್ ಊರಿನ ಅರಸ ಆಕೀಷ ಅವನಿಗೆ ಚಿಕ್ಲಗ್ ಕೊಡುತ್ತಾನೆ. ಜೊತೆಗೆ 600 ಜನ. ಒಂದು ವರ್ಷ ನಾಲ್ಕು ತಿಂಗಳು ಫಿಲಿಷ್ಟಿಯರ ಸೀಮೆಯಲ್ಲಿ ಇರುತ್ತಾನೆ. ಒಂದು ದಿನ ದಂಡಿನಿಂದ ಮರಳಿ ಬಂದು ನೋಡಿದರೆ ಊರು ಸುಟ್ಟುಹೋಗಿದೆ, ಹೆಂಡತಿ ಮಕ್ಕಳನ್ನು ಅಮಾಲೇಕ್ಯರು ಹೊತ್ತೊಯ್ದಿದ್ದಾರೆ. ಮಕ್ಕಳಿಗೆ ಈ ಕಥೆ ತುಂಬಾ ಇಷ್ಟ. "ಟೀಚರ್, ಆ ಊರು ಎಲ್ಲಿದೆ?" ಅಂತ ಕೇಳಿದರು.

ಮೂರು ಬೈಬಲ್ ಭೂಪಟ ನೋಡಿದೆ. ಮೂರರಲ್ಲೂ ಚುಕ್ಕೆ ಬೇರೆ ಬೇರೆ ಕಡೆ. ಒಂದರಲ್ಲಿ ಯೆಹೂದದ ಹಳೇ ಊರು ಲಾಕೀಷಿನ ಪಕ್ಕ. ಇನ್ನೊಂದರಲ್ಲಿ ಬೇರ್ಷೆಬದ ವಾಯವ್ಯಕ್ಕೆ. ಮತ್ತೊಂದರಲ್ಲಿ ಬೇರ್ಷೆಬದ ಉತ್ತರಕ್ಕೆ, ಬೆಟ್ಟದ ಅಂಚಿನಲ್ಲಿ. ಯಾವುದನ್ನು ನಂಬಲಿ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಓದುಗ_ಹಾಸನ

ಇದು ಆಗಲೇ ಸಿಕ್ಕಿದೆ ಅಲ್ವಾ ಮೇಡಂ? 2019ರ ಜುಲೈನಲ್ಲಿ ಸುದ್ದಿ ಬಂದಿತ್ತು. ದಾವೀದನ ಚಿಕ್ಲಗ್ ಪತ್ತೆ ಅಂತ. ಜಾಗದ ಹೆಸರು ಖಿರ್ಬೆತ್ ಅರ್-ರಾಇ. ಹೀಬ್ರೂ ವಿಶ್ವವಿದ್ಯಾಲಯದ ಯೋಸೆಫ್ ಗಾರ್ಫಿಂಕೆಲ್ ಅವರ ತಂಡ ಅಗೆದದ್ದು. ಲಾಕೀಷಿನ ಪಕ್ಕ ಚುಕ್ಕೆ ಇಟ್ಟ ಭೂಪಟ ಹೊಸದಿರಬೇಕು. ಅದನ್ನೇ ಹಾಕಿಕೊಳ್ಳಿ.

ಮಡಕೆಚೂರು

ಓದುಗ_ಹಾಸನ ಅವರೇ, ಸುದ್ದಿ ಬಂದದ್ದು ನಿಜ. ಆದರೆ ಅದು ಆ ತಂಡದವರ ವಾದ. ಉಳಿದ ವಿದ್ವಾಂಸರು ಒಪ್ಪಿ ಮುಗಿದ ಮಾತಲ್ಲ. ಈ ವಿಷಯ ನನಗೆ ತುಂಬಾ ಹತ್ತಿರದ್ದು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಅಲ್ಲಿ ಏನು ಸಿಕ್ಕಿತು ಅಂತ ಹೇಳುತ್ತೇನೆ. ಖಿರ್ಬೆತ್ ಅಂದರೆ ಅರಬ್ಬಿಯಲ್ಲಿ ಹಾಳುಬಿದ್ದ ಜಾಗ. ನಾವು ಹಾಳೂರು ಅನ್ನುತ್ತೇವಲ್ಲ, ಹಾಗೆ. ಇದು ಲಾಕೀಷ್ ದಿಬ್ಬದಿಂದ ಪಶ್ಚಿಮಕ್ಕೆ ಸುಮಾರು 4 ಕಿ.ಮೀ. ದೂರದಲ್ಲಿದೆ. 2015ರಿಂದ ಅಗೆತ ನಡೆಯಿತು. ಗಾರ್ಫಿಂಕೆಲ್ ಜೊತೆ ಇಸ್ರೇಲ್ ಪುರಾತತ್ವ ಪ್ರಾಧಿಕಾರದ ಸಾರ್ ಗನೋರ್ ಇದ್ದರು. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದಿಂದ ಕೈಲ್ ಕೈಮರ್, ಗಿಲ್ ಡೇವಿಸ್ ಸೇರಿದ್ದರು. ಕ್ರಿ.ಪೂ. 12 ಮತ್ತು 11ನೇ ಶತಮಾನದ ಪದರದಲ್ಲಿ ಫಿಲಿಷ್ಟಿಯರ ಮಡಕೆಗಳು ಸಿಕ್ಕವು. ಅದರ ಮೇಲಿನ ಪದರ 10ನೇ ಶತಮಾನದ್ದು. ಅಲ್ಲಿ ಹತ್ತಿರ ಹತ್ತಿರ ನೂರು ಇಡೀ ಮಡಕೆಗಳು, ಮೇಲೆ ಬೆಂಕಿಯ ಗುರುತು. ಕಾರ್ಬನ್ ಪರೀಕ್ಷೆಯ ಕಾಲವೂ ದಾವೀದನ ಕಾಲಕ್ಕೆ ಹೊಂದುತ್ತದೆ ಅಂದರು.

ಅವರ ವಾದದ ಸಾರ ಇಷ್ಟು. ಮೊದಲು ಫಿಲಿಷ್ಟಿಯರ ಊರು, ಆಮೇಲೆ ಯೆಹೂದದ ಊರು, ಕೊನೆಗೆ ಬೆಂಕಿ. ಚಿಕ್ಲಗ್ ಕಥೆಯೂ ಹಾಗೇ ಇದೆ. ಇದಕ್ಕೆ ಮುಂಚೆ ಹನ್ನೆರಡು ಬೇರೆ ಜಾಗಗಳನ್ನು ಜನ ಸೂಚಿಸಿದ್ದರು, ಯಾವುದರಲ್ಲೂ ಈ ಎರಡು ಹಂತ ಒಟ್ಟಿಗೆ ಸಿಕ್ಕಿಲ್ಲ ಅಂತ ಅವರ ಹೇಳಿಕೆ.

ನನಗೆ ಇದು ಸಾಲದು. ಆ ಕಾಲದಲ್ಲಿ ಸುಟ್ಟ ಊರು ಒಂದೆರಡಲ್ಲ. ಬೂದಿ ನೋಡಿ ಯಾರು ಹಚ್ಚಿದ ಬೆಂಕಿ ಅಂತ ಹೇಳಲು ಆಗುವುದಿಲ್ಲ. ಅಡುಗೆ ಒಲೆಯಿಂದ ಹತ್ತಿದ್ದೂ ಇರಬಹುದು, ಶತ್ರು ಹಚ್ಚಿದ್ದೂ ಇರಬಹುದು. ಕಾರ್ಬನ್ ಪರೀಕ್ಷೆ ಕಾಲ ಹೇಳುತ್ತದೆ, ಅದೂ ಒಂದು ಅಂದಾಜಿನ ಅಂತರದಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಗತ್ ಊರನ್ನು ಅಗೆದ ಅರೆನ್ ಮಾಯಿರ್, ತೆಲ್ ಅವೀವ್‌ನ ಪುರಾತತ್ವಜ್ಞ ಇಸ್ರಾಯೆಲ್ ಫಿಂಕೆಲ್‌ಸ್ಟೈನ್ ಇಬ್ಬರೂ ಸಂಶಯ ಹೇಳಿದ್ದಾರೆ.

ಓದುಗ_ಹಾಸನ

ಸರಿ ಸರ್. ಆದರೆ ಅದೇ ಜಾಗದಲ್ಲಿ ಅಕ್ಷರ ಬರೆದ ಮಡಕೆಯೂ ಸಿಕ್ಕಿತ್ತಲ್ಲ? 2021ರಲ್ಲಿ ಓದಿದ ನೆನಪು. ಅದರಲ್ಲಿ ಏನೂ ಸುಳಿವಿಲ್ಲವೇ?

ಮಡಕೆಚೂರು

ಸಿಕ್ಕಿದೆ. ಸಣ್ಣ ಹೂಜಿಯ ಚೂರುಗಳ ಮೇಲೆ ಶಾಯಿಯಲ್ಲಿ ಬರೆದ ಒಂದು ಹೆಸರು. ಯೆರುಬ್ಬಾಳ ಅಂತ ಓದಿದ್ದಾರೆ. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಗಿದ್ಯೋನನಿಗೆ ಇದ್ದ ಇನ್ನೊಂದು ಹೆಸರು ಅದೇ. ಅದು ಗಿದ್ಯೋನನೇ ಅಂತ ಅಗೆದವರೂ ಹೇಳಿಲ್ಲ. ಬಹಳ ದೊಡ್ಡ ಪತ್ತೆ ಅದು, ಯಾಕೆಂದರೆ ಆ ಕಾಲದ ಬರಹ ಸಿಗುವುದೇ ಅಪರೂಪ. ಆದರೆ ಅದು ಹೂಜಿಯ ಒಡೆಯನ ಹೆಸರು. ಊರಿನ ಹೆಸರಲ್ಲ.

ಚಕ್ಕುಬಂದಿ

ನಾನು ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬೈಬಲ್ ಪಂಡಿತನಲ್ಲ. ಆದರೂ ಈ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ.

ನಮ್ಮ ದಾಖಲೆಗಳಲ್ಲಿ ಬೇಚಿರಾಕ್ ಗ್ರಾಮ ಅಂತ ಇರುತ್ತದೆ. ಹೆಸರಿದೆ, ಸರ್ವೆ ನಂಬರಿದೆ, ಜನವಿಲ್ಲ. ಅಂಥ ಊರು ಎಲ್ಲಿತ್ತು ಅಂತ ಹುಡುಕುವಾಗ ನಾವು ಹಾಳುಗೋಡೆ ಹುಡುಕಿಕೊಂಡು ಹೋಗುವುದಿಲ್ಲ. ಹಳೇ ಗೋಡೆ ಎಲ್ಲ ಕಡೆಯೂ ಇರುತ್ತದೆ. ಮೊದಲು ಚಕ್ಕುಬಂದಿ ನೋಡುತ್ತೇವೆ. ಪೂರ್ವಕ್ಕೆ ಯಾವ ಊರು, ಪಶ್ಚಿಮಕ್ಕೆ ಯಾವುದು, ಹಳ್ಳ ಎಲ್ಲಿ ಹರಿಯುತ್ತದೆ ಅಂತ. ಪಕ್ಕದ ಊರುಗಳು ಗೊತ್ತಿದ್ದರೆ ಕಳೆದುಹೋದ ಊರು ತಾನಾಗಿಯೇ ನಡುವೆ ಬಂದು ನಿಲ್ಲುತ್ತದೆ.

ಹಾಗಾಗಿ ನಾನು ಯೆಹೋಶುವನ ಪುಸ್ತಕ ತೆಗೆದು ಕೂತೆ. 15ನೇ ಅಧ್ಯಾಯ ಅಂದರೆ ಯೆಹೂದ ಕುಲದ ಪಹಣಿ ಇದ್ದ ಹಾಗೆ. ಓದಲು ಬೇಸರ ಅಂತ ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ನನಗಂತೂ ಬಹಳ ಖುಷಿ ಕೊಟ್ಟ ಅಧ್ಯಾಯ. ಊರುಗಳನ್ನು ಹೋಬಳಿ ಹೋಬಳಿಯಾಗಿ ವಿಂಗಡಿಸಿದ್ದಾರೆ. ಮೊದಲು ದಕ್ಷಿಣ ಸೀಮೆ, ಆಮೇಲೆ ಇಳಕಲು ಪ್ರದೇಶ, ಆಮೇಲೆ ಬೆಟ್ಟದ ಸೀಮೆ, ಕೊನೆಗೆ ಅಡವಿ.

ಚಿಕ್ಲಗ್ ಇರುವುದು 31ನೇ ವಚನದಲ್ಲಿ. ಅದು ದಕ್ಷಿಣ ಸೀಮೆಯ ಪಟ್ಟಿ. ಅದೇ ವಚನದಲ್ಲಿ ಮದ್ಮನ್ನ, ಸನ್ಸನ್ನ ಅಂತ ಎರಡು ಊರು. ಇಳಕಲು ಪ್ರದೇಶ ಶುರುವಾಗುವುದು 33ರಲ್ಲಿ. ಲಾಕೀಷ್ ಇರುವುದು 39ರಲ್ಲಿ.

ಈಗ ಯೋಚಿಸಿ. ಚಿಕ್ಲಗ್ ಲಾಕೀಷಿನಿಂದ 4 ಕಿ.ಮೀ. ದೂರದಲ್ಲಿದ್ದಿದ್ದರೆ ಪಟ್ಟಿ ಬರೆದವನು ಅದನ್ನು ಲಾಕೀಷಿನ ಹೋಬಳಿಗೇ ಸೇರಿಸುತ್ತಿದ್ದ. ಅಷ್ಟು ಹತ್ತಿರದ ಊರನ್ನು ತೆಗೆದು ಬೇರ್ಷೆಬದ ಹೋಬಳಿಗೆ ಯಾಕೆ ಹಾಕುತ್ತಾನೆ? ನನ್ನ ಲೆಕ್ಕದಲ್ಲಿ ಖಿರ್ಬೆತ್ ಅರ್-ರಾಇ ಇಲ್ಲೇ ಬಿದ್ದುಹೋಯಿತು.

ಇನ್ನೊಂದು ಸಾಕ್ಷಿ. 19ನೇ ಅಧ್ಯಾಯದಲ್ಲಿ ಸಿಮೆಯೋನ ಕುಲದ ಊರುಗಳ ಪಟ್ಟಿ ಇದೆ. ಅದು ಬೇರ್ಷೆಬದಿಂದಲೇ ಶುರು. ಅಲ್ಲೂ ಚಿಕ್ಲಗ್ ಇದೆ. ಎರಡು ಪಹಣಿ ಒಂದೇ ದಿಕ್ಕು ತೋರಿಸಿದ ಮೇಲೆ ನಾನು ಆ ದಿಕ್ಕು ಬಿಡುವುದಿಲ್ಲ.

ಭಾನುವಾರದ_ಟೀಚರ್

ಚಕ್ಕುಬಂದಿ ಸರ್, ಎಷ್ಟು ಚೆನ್ನಾಗಿ ಹೇಳಿದಿರಿ! ಆ ಅಧ್ಯಾಯವನ್ನು ನಾನು ಮಕ್ಕಳಿಗೆ ಯಾವತ್ತೂ ಓದಿಸಿಲ್ಲ. ಹಾಗಾದರೆ ಮದ್ಮನ್ನ, ಸನ್ಸನ್ನ ಎಲ್ಲಿವೆ ಅಂತ ಗೊತ್ತೇ?

ಹೆಸರಿನ_ಬೇರು

ಇದಕ್ಕೆ ನಾನು ಉತ್ತರ ಹೇಳಬಲ್ಲೆ. ಊರ ಹೆಸರುಗಳ ಮೇಲೆ ನನಗೆ ಮೊದಲಿಂದ ಆಸಕ್ತಿ.

1838ರಲ್ಲಿ ಎಡ್ವರ್ಡ್ ರಾಬಿನ್ಸನ್ ಎಂಬ ಅಮೆರಿಕದ ಪಂಡಿತ ಆ ನಾಡಿನಲ್ಲಿ ಸುತ್ತಿದ. ಅರಬ್ಬಿ ಚೆನ್ನಾಗಿ ಬಲ್ಲ ಎಲೈ ಸ್ಮಿತ್ ಅವನ ಜೊತೆಗಿದ್ದ. ಅವರು ಅಲ್ಲಿನ ಹಳ್ಳಿಯ ಜನರನ್ನು ಕೇಳುತ್ತಾ ಹೋದರು. ಈ ಊರ ಹೆಸರೇನು, ಆ ದಿಬ್ಬದ ಹೆಸರೇನು ಅಂತ. ಎರಡು ಸಾವಿರ ವರ್ಷದ ಹಿಂದಿನ ಹೀಬ್ರೂ ಹೆಸರುಗಳು ಅರಬ್ಬಿ ರೈತರ ಬಾಯಲ್ಲಿ ಉಳಿದಿದ್ದವು. ಅನಾತೋತ್ ಅನಾತಾ ಆಗಿತ್ತು. ಮಿಕ್ಮಾಷ್ ಮುಖ್ಮಾಸ್ ಆಗಿತ್ತು. ಶೀಲೋ ಸೈಲೂನ್ ಆಗಿತ್ತು. ಬೇತೇಲ್ ಬೈತೀನ್ ಆಗಿತ್ತು. ಇವತ್ತು ನಮ್ಮ ಭೂಪಟದಲ್ಲಿ ಅಷ್ಟು ಚುಕ್ಕೆಗಳಿದ್ದರೆ ಆ ಹೆಸರುಗಳನ್ನು ಕಾಪಾಡಿಕೊಂಡು ಬಂದ ಹಳ್ಳಿಯವರಿಂದ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಅದು ನನಗೆ ಬೇಸರದ ವಿಷಯ.

ಸನ್ಸನ್ನ ಕೂಡ ಹೀಗೇ. ಬೇರ್ಷೆಬದ ಈಶಾನ್ಯದ ಕಡೆ ಶಂಸಾನಿಯ್ಯಾತ್ ಎಂಬ ಹಾಳೂರಿದೆ. ಹೆಸರು ಹತ್ತಿರ ಇದೆ. ಮದ್ಮನ್ನಕ್ಕೆ ಅದೇ ಸೀಮೆಯ ಉಮ್ಮ್ ದೈಮ್ನೆ ಎಂಬ ಹಾಳೂರನ್ನು ತೋರಿಸುತ್ತಾರೆ. ಎರಡೂ ಬೇರ್ಷೆಬದಿಂದ ಮೇಲಕ್ಕೆ, ಬೆಟ್ಟ ಶುರುವಾಗುವ ಕಡೆ.

ಚಿಕ್ಲಗ್ ಹೆಸರು ಮಾತ್ರ ಎಲ್ಲೂ ಉಳಿದಿಲ್ಲ. 1870ರ ದಶಕದಲ್ಲಿ ಕಾಂಡರ್ ಮತ್ತು ಕಿಚನರ್ ಎಂಬ ಸರ್ವೆ ಅಧಿಕಾರಿಗಳು ಗಾಜಾದ ಆಗ್ನೇಯಕ್ಕೆ ಜುಹೈಲಿಕಾ ಎಂಬ ಹಾಳೂರನ್ನು ಗುರುತಿಸಿದರು. ಜುಹೈಲಿಕಾ, ಚಿಕ್ಲಗ್, ಕಿವಿಗೆ ಹತ್ತಿರ ಅನ್ನಿಸುತ್ತದೆ. ಆದರೆ ಅಕ್ಷರ ಹಿಡಿದು ನೋಡಿದರೆ ಹೊಂದುವುದಿಲ್ಲ. ಹೀಬ್ರೂವಿನಲ್ಲಿ ಮೊದಲ ಅಕ್ಷರ ತ್ಸ. ನಮ್ಮ ಕನ್ನಡ ಸತ್ಯವೇದದವರು ಅದನ್ನು ಚ ಮಾಡಿಕೊಂಡರು. ಚೀಯೋನ್, ಚಿದ್ಕೀಯ, ಚಿಕ್ಲಗ್ ಎಲ್ಲದರಲ್ಲೂ ಅದೇ ಅಕ್ಷರ. ಹಳೆಯ ಗ್ರೀಕ್ ಅನುವಾದದಲ್ಲಿ ಸೆಕೆಲಾಕ್ ಅಂತ ಇದೆ. ಈ ತ್ಸ ಅರಬ್ಬಿಗೆ ಹೋದಾಗ ಸಾಮಾನ್ಯವಾಗಿ ಒತ್ತಿ ಹೇಳುವ ಸ ಆಗುತ್ತದೆ. ಸಂಸೋನ ಹುಟ್ಟಿದ ತ್ಸೊರ್ಆ ಎಂಬ ಊರು ಅರಬ್ಬಿಯಲ್ಲಿ ಸರ್ಆ ಆಗಿದೆ. ಜುಹೈಲಿಕಾದಲ್ಲಿ ಜ಼ ಬಂದಿದೆ, ನಡುವೆ ಒಂದು ಹ ಬಂದಿದೆ. ಅದು ಎಲ್ಲಿಂದ ಬಂತು ಅಂತ ಹೇಳಲು ಆಗುವುದಿಲ್ಲ.

ಇನ್ನೊಂದು ಮಾತು. ಚಿಕ್ಲಗ್ ಎಂಬ ಹೆಸರು ಹೀಬ್ರೂ ಬೇರಿನದ್ದಲ್ಲ, ಸಮುದ್ರದಾಚೆಯಿಂದ ಬಂದ ಫಿಲಿಷ್ಟಿಯರು ಇಟ್ಟದ್ದು ಅಂತ ಅನೇಕರು ಹೇಳುತ್ತಾರೆ. ಹಾಗಿದ್ದರೆ ಅದು ಜನರ ನಾಲಿಗೆಯಲ್ಲಿ ಉಳಿಯದೆ ಹೋದದ್ದರಲ್ಲಿ ಆಶ್ಚರ್ಯ ಇಲ್ಲ. ಅರ್ಥ ತಿಳಿಯದ ಹೆಸರು ಬೇಗ ಅಳಿಸಿಹೋಗುತ್ತದೆ.

ದಿಬ್ಬದ_ಹುಡುಗ

ಸನ್ಸನ್ನ, ಮದ್ಮನ್ನ ಬೆಟ್ಟದ ಕಡೆ ಇದ್ದರೆ ಚಿಕ್ಲಗ್ ತೆಲ್ ಹಲೀಫ್ (ತೆಲ್ ಅಂದರೆ ಹಳೇ ಊರಿನ ದಿಬ್ಬ) ಆಗಬೇಕಲ್ವಾ? ಟೀಚರ್ ಮೇಡಂ ಹೇಳಿದ ಮೂರನೇ ಚುಕ್ಕೆ ಅದೇ ಇರಬೇಕು. ಜರ್ಮನಿಯ ಆಲ್ಬ್ರೆಕ್ಟ್ ಆಲ್ಟ್ ಬಹಳ ಹಿಂದೆಯೇ ಅದನ್ನು ಚಿಕ್ಲಗ್ ಅಂದಿದ್ದರು. ಅರಬ್ಬಿಯಲ್ಲಿ ತೆಲ್ ಖುವೈಲ್ಫೆ. ಬೆಟ್ಟ, ಇಳಕಲು, ದಕ್ಷಿಣ ಸೀಮೆ ಮೂರೂ ಸೇರುವ ಜಾಗ. 1976ರಿಂದ ಅಲ್ಲಿ ಅಮೆರಿಕದ ತಂಡ ಅಗೆದಿದೆ. ಚಕ್ಕುಬಂದಿ ಸರ್ ಹೇಳಿದ ನಿಯಮದ ಪ್ರಕಾರವೇ ನೋಡಿದರೆ ನೆರೆಯೂರುಗಳಿಗೆ ಅದೇ ಹತ್ತಿರ.

ಚಕ್ಕುಬಂದಿ

ಒಳ್ಳೇ ಪ್ರಶ್ನೆ ತಮ್ಮಾ. ನಾನೂ ಅಲ್ಲೇ ನಿಂತಿದ್ದೆ ಒಂದು ಸಂಜೆ ಪೂರ್ತಿ. ಇದು ಬಲವಾದ ವಾದ, ಒಪ್ಪುತ್ತೇನೆ.

ಹೆಸರಿನ_ಬೇರು

ಒಂದು ತೊಡಕಿದೆ. ಅದೇ ಪಟ್ಟಿಯಲ್ಲಿ, ಮುಂದಿನ ವಚನದಲ್ಲಿ, ರಿಮ್ಮೋನ್ ಎಂಬ ಊರಿದೆ. ರಿಮ್ಮೋನ್ ಅಂದರೆ ಹೀಬ್ರೂವಿನಲ್ಲಿ ದಾಳಿಂಬೆ. ತೆಲ್ ಹಲೀಫಿನ ಹತ್ತಿರವೇ ಉಮ್ಮ್ ಎರ್-ರಮಾಮೀನ್ ಎಂಬ ಹಾಳೂರಿದೆ. ಅದು ದಾಳಿಂಬೆಗಳ ತಾಯಿ ಅನ್ನುವ ಹಾಗೆ ಇರುವ ಹೆಸರು. ಊರು ಸ್ವಲ್ಪ ಪಕ್ಕಕ್ಕೆ ಸರಿದಾಗ ಹೆಸರೂ ಜೊತೆಗೆ ಹೋಗುತ್ತದೆ. ಇದು ಆ ನಾಡಿನಲ್ಲಿ ಎಷ್ಟೋ ಕಡೆ ಆಗಿದೆ. ಹಾಗಾಗಿ ದೊಡ್ಡ ದಿಬ್ಬ ತೆಲ್ ಹಲೀಫೇ ಹಳೆಯ ರಿಮ್ಮೋನ್, ಆಮೇಲೆ ಜನ ಪಕ್ಕಕ್ಕೆ ಹೋದರು ಅಂತ ಒಂದು ಅಭಿಪ್ರಾಯ ಇದೆ. ಅದು ರಿಮ್ಮೋನ್ ಆದರೆ ಚಿಕ್ಲಗ್ ಆಗಲು ಸಾಧ್ಯವಿಲ್ಲ.

ಬೇರ್ಷೆಬದಿಂದ

ನಮಸ್ತೆ. ನಾನು ಉಡುಪಿ ಕಡೆಯವಳು. ಬೇರ್ಷೆಬದಲ್ಲಿ ವಯಸ್ಸಾದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ. ಈ ಚರ್ಚೆಯನ್ನು ನಮ್ಮ ಊರಿನ ಅಕ್ಕ ಒಬ್ಬರು ಕಳಿಸಿದರು. ಓದುತ್ತಾ ಓದುತ್ತಾ ಕಣ್ಣು ತುಂಬಿ ಬಂತು. ನಾನು ದಿನಾ ನೋಡುವ ನೆಲದ ಬಗ್ಗೆ ಕನ್ನಡದಲ್ಲಿ ಇಷ್ಟು ಮಾತು ಓದುತ್ತಿರುವುದು ಇದೇ ಮೊದಲು.

ನೀವು ಇನ್ನೂ ಎರಡನೇ ಚುಕ್ಕೆಯ ಬಗ್ಗೆ ಹೇಳಿಲ್ಲ. ಅದು ತೆಲ್ ಸೆರಾ. ಬೇರ್ಷೆಬದಿಂದ ವಾಯವ್ಯಕ್ಕೆ, ನೆತಿವೋತ್ ಕಡೆ ಹೋಗುವ ರಸ್ತೆಗೆ ಹತ್ತಿರ, ಸುಮಾರು 20 ಕಿ.ಮೀ. ರಜೆಯ ದಿನ ಗೆಳತಿಯರ ಜೊತೆ ಎರಡು ಸಲ ಹೋಗಿದ್ದೇನೆ. ಗೆರಾರ್ ಎಂಬ ಹಳ್ಳದ ದಂಡೆಯ ಮೇಲೆ ಕಡಿದಾಗಿ ಎದ್ದು ನಿಂತ ದಿಬ್ಬ. ಸುತ್ತ ಗೋಧಿ ಹೊಲ. ಮಣ್ಣು ಹಳದಿ, ಹಿಟ್ಟಿನ ಹಾಗೆ ನುಣುಪು, ಗಾಳಿ ತಂದು ಸುರಿದ ಮಣ್ಣು. ಮಳೆ ಕಡಿಮೆ. ಬೇರ್ಷೆಬದಲ್ಲಿ ವರ್ಷಕ್ಕೆ ಸುಮಾರು 200 ಮಿ.ಮೀ. ಅಷ್ಟೆ, ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳ ಕೆಲವು ದಿನಕ್ಕೆ ಬೀಳುವಷ್ಟು. ಆದರೂ ಫೆಬ್ರವರಿಯಲ್ಲಿ ಹೊಲದ ಅಂಚೆಲ್ಲ ಕೆಂಪು ಹೂವಿನಿಂದ ತುಂಬಿರುತ್ತದೆ.

ಮೇಲೆ ನಿಂತರೆ ನಾಲ್ಕೂ ದಿಕ್ಕು ಕಾಣುತ್ತದೆ. ಪಶ್ಚಿಮಕ್ಕೆ ಗಾಜಾ ಕಡೆಯ ಬಯಲು. ದಕ್ಷಿಣಕ್ಕೆ ಬೆಸೋರ್ ಹಳ್ಳದ ಕಡೆ ನೆಲ ಒಣಗುತ್ತಾ ಹೋಗುತ್ತದೆ. ನಾನು ಓದಿದವಳಲ್ಲ. ಆದರೆ ಅಲ್ಲಿ ನಿಂತಾಗ ಇಲ್ಲಿಂದಲೇ ಅವರು ಓಡಿದ್ದು ಅನ್ನಿಸಿತು.

ಮಡಕೆಚೂರು

ಅಕ್ಕ, ತುಂಬಾ ಧನ್ಯವಾದ. ನಮ್ಮಲ್ಲಿ ಯಾರೂ ಆ ನೆಲ ಮೆಟ್ಟಿದವರಲ್ಲ.

ತೆಲ್ ಸೆರಾವನ್ನು ಅರಬ್ಬಿಯಲ್ಲಿ ತೆಲ್ ಎಶ್-ಶರಿಯಾ ಅನ್ನುತ್ತಾರೆ. ಬೆನ್ ಗುರಿಯೋನ್ ವಿಶ್ವವಿದ್ಯಾಲಯದ ಎಲಿಯೇಜರ್ ಒರೆನ್ 1972ರಿಂದ 1979ರವರೆಗೆ ಅಗೆದರು. ಇದೇ ಚಿಕ್ಲಗ್ ಅಂತ ವಾದಿಸಿದರು. ಕೆಳಗಿನ ಪದರದಲ್ಲಿ ಐಗುಪ್ತದ ಅಧಿಕಾರಿಯ ದೊಡ್ಡ ಮನೆ ಸಿಕ್ಕಿತು. ಐಗುಪ್ತದ ಲಿಪಿಯಲ್ಲಿ ಧಾನ್ಯದ ಲೆಕ್ಕ ಬರೆದ ಬಟ್ಟಲುಗಳು ಸಿಕ್ಕವು. ಆ ಪದರ ಕ್ರಿ.ಪೂ. 12ನೇ ಶತಮಾನದಲ್ಲಿ ಸುಟ್ಟಿದೆ. ಅದರ ಮೇಲೆ ಫಿಲಿಷ್ಟಿಯರ ಮಡಕೆ. ಅದರ ಮೇಲೆ ನಾಲ್ಕು ಕೋಣೆಯ ಮನೆಗಳು. ಆ ಥರದ ಮನೆ ಯೆಹೂದ, ಇಸ್ರಾಯೇಲ್ ಸೀಮೆಗಳಲ್ಲಿ ಬಹಳ ಕಾಣುತ್ತದೆ. ಇನ್ನೂ ಮೇಲಕ್ಕೆ ಬಂದರೆ ಪಾರಸಿಯರ ಕಾಲದ ಪದರವೂ ಇದೆ.

ಈ ಕೊನೆಯದು ನನಗೆ ಮುಖ್ಯ. ನೆಹೆಮೀಯನ ಪುಸ್ತಕದ 11ನೇ ಅಧ್ಯಾಯದಲ್ಲಿ ಬಾಬಿಲೋನಿನ ಸೆರೆ ಮುಗಿದ ಮೇಲೆ ಜನ ಎಲ್ಲೆಲ್ಲಿ ನೆಲೆಸಿದರು ಅಂತ ಹೇಳುವಾಗ ಚಿಕ್ಲಗ್ ಹೆಸರು ಬರುತ್ತದೆ. ಅಂದರೆ ಅದು ದಾವೀದನ ಕಾಲಕ್ಕೆ ಮುಗಿದ ಊರಲ್ಲ. ಸಮುವೇಲನ ಪುಸ್ತಕದಲ್ಲೂ ಅದು ಇಂದಿನವರೆಗೆ ಯೆಹೂದದ ಅರಸರದ್ದು ಅನ್ನುವ ಮಾತಿದೆ. ಒಂದು ಬೆಂಕಿಯ ಪದರ ಹುಡುಕುವುದಕ್ಕಿಂತ ಶತಮಾನಗಟ್ಟಲೆ ಜನ ಬದುಕಿದ ದಿಬ್ಬ ಹುಡುಕಬೇಕು.

ಓದುಗ_ಹಾಸನ

ನನ್ನ ಇನ್ನೊಂದು ಸಂಶಯ. ಖಿರ್ಬೆತ್ ಅರ್-ರಾಇ ಗತ್ ಊರಿಗೆ ಹತ್ತಿರ ಇದೆ ಅಲ್ವಾ? ಕೊಟ್ಟವನು ಗತ್‌ನ ಅರಸ. ತನ್ನ ಊರಿನ ಹತ್ತಿರದ ಹಳ್ಳಿಯನ್ನು ಕೊಟ್ಟಿರುತ್ತಾನೆ ಅನ್ನುವುದು ಸಹಜ.

ಚಕ್ಕುಬಂದಿ

ಅದನ್ನೇ ತಿರುಗಿಸಿ ನೋಡಿ ಸ್ವಾಮಿ. 1 ಸಮುವೇಲ 27 ಓದಿ. ದಾವೀದ ಆಕೀಷನಿಗೆ ಹೇಳುವುದೇನು? ರಾಜಧಾನಿಯಲ್ಲಿ ನಿಮ್ಮ ಜೊತೆ ನಾನು ಯಾಕಿರಬೇಕು, ಬೇರೆ ಎಲ್ಲಾದರೂ ಒಂದು ಊರು ಕೊಡಿ ಅಂತ. ಅವನಿಗೆ ಬೇಕಾದದ್ದು ದೂರ.

ಆಮೇಲೆ ಅವನು ಮಾಡಿದ್ದೇನು? ದಕ್ಷಿಣದ ಗೆಷೂರ್ಯರು, ಅಮಾಲೇಕ್ಯರ ಮೇಲೆ ಬಿದ್ದ. ಆಕೀಷ ಕೇಳಿದಾಗ ಯೆಹೂದದ ಮೇಲೆ ಬಿದ್ದೆ ಅಂದ. ಆಕೀಷ ನಂಬಿದ. ಗತ್ ಅಂದರೆ ಇವತ್ತಿನ ತೆಲ್ ಎಸ್-ಸಾಫಿ. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆದೆ. ಅಲ್ಲಿಂದ ಖಿರ್ಬೆತ್ ಅರ್-ರಾಇ ನೇರ ಗೆರೆಯಲ್ಲಿ ಸುಮಾರು 15 ಕಿ.ಮೀ. ಕುರಿ ಒಂಟೆ ಹೊಡೆದುಕೊಂಡು ಬಂದದ್ದು ಒಂದೇ ದಿನದಲ್ಲಿ ಸಂತೆಗೆ ಹೋದವರ ಬಾಯಿಂದ ಅರಸನಿಗೆ ತಿಳಿಯುತ್ತದೆ. ತೆಲ್ ಸೆರಾ ಸುಮಾರು 38 ಕಿ.ಮೀ. ಅಲ್ಲಿಂದ ಬರುವ ಸುದ್ದಿ ತಡ ಆಗುತ್ತದೆ, ಬದಲೂ ಆಗುತ್ತದೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆ ಗುಟ್ಟು ಉಳಿಯಬೇಕಾದರೆ ಅಷ್ಟು ದೂರ ಬೇಕೇ ಬೇಕು.

ದಿಬ್ಬದ_ಹುಡುಗ

ಈಗ ಓಡಿದ ದಾರಿಯನ್ನೂ ಅಳೆಯೋಣ ಸರ್. ಫಿಲಿಷ್ಟಿಯರು ದಂಡು ಕೂಡಿಸಿದ್ದು ಅಫೇಕದಲ್ಲಿ. ಅದು ಯರ್ಕೋನ್ ಹೊಳೆಯ ಮೂಲದ ಹತ್ತಿರ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ. ಅಲ್ಲಿಂದ ದಾವೀದನನ್ನು ವಾಪಸ್ ಕಳಿಸಿದರು. ಬೆಳಿಗ್ಗೆ ಹೊರಟು ಮೂರನೇ ದಿನ ಚಿಕ್ಲಗ್ ತಲುಪಿದರು. ಅಫೇಕದಿಂದ ಖಿರ್ಬೆತ್ ಅರ್-ರಾಇ ನೇರ ಗೆರೆಯಲ್ಲಿ ಸುಮಾರು 60 ಕಿ.ಮೀ. ತೆಲ್ ಸೆರಾ 80ಕ್ಕಿಂತ ಸ್ವಲ್ಪ ಜಾಸ್ತಿ. ಮೂರು ದಿನಕ್ಕೆ ಎರಡೂ ಆಗುತ್ತದೆ. ಇದರಿಂದ ತೀರ್ಮಾನ ಆಗುವುದಿಲ್ಲ.

ಆದರೆ ಬೆಸೋರ್ ಹಳ್ಳ ಇದೆಯಲ್ಲ. ಸುಟ್ಟ ಊರು ನೋಡಿ ಅತ್ತು, ಆಮೇಲೆ ಅಮಾಲೇಕ್ಯರನ್ನು ಅಟ್ಟಿಕೊಂಡು ಹೋದರು. ಹಳ್ಳದ ಹತ್ತಿರ 200 ಜನ ಸುಸ್ತಾಗಿ ಕೂತುಬಿಟ್ಟರು. 400 ಜನ ದಾಟಿದರು. ತೆಲ್ ಸೆರಾದಿಂದ ಬೆಸೋರ್ 20 ಕಿ.ಮೀ. ಆಸುಪಾಸು. ಖಿರ್ಬೆತ್ ಅರ್-ರಾಇ ಇಂದ 40ಕ್ಕಿಂತ ಜಾಸ್ತಿ. ಈಗ ನನಗೆ ಗೊಂದಲ. 40 ಕಿ.ಮೀ. ನಡೆದರೆ ತಾನೇ ಅಷ್ಟು ಸುಸ್ತಾಗುವುದು? ಸುಸ್ತು ನೋಡಿದರೆ ಉತ್ತರದ ಜಾಗವೇ ಹೊಂದುತ್ತದಲ್ಲ?

ಬೇರ್ಷೆಬದಿಂದ

ತಮ್ಮಾ, ಇಲ್ಲಿನ ಬಿಸಿಲಲ್ಲಿ 20 ಕಿ.ಮೀ. ಕಡಿಮೆ ಅಲ್ಲ. ಅವರು ಅದಕ್ಕೂ ಮುಂಚೆ ಎರಡು ದಿನ ಪೂರ್ತಿ, ಮೂರನೇ ದಿನವೂ ನಡೆದು ಬಂದಿದ್ದರು. ಮನೆಗೆ ಬಂದರೆ ಊಟವಿಲ್ಲ, ಮನೆಯೇ ಇಲ್ಲ. ಶಕ್ತಿ ಇಲ್ಲದಾಗುವವರೆಗೂ ಅತ್ತರು ಅಂತ ಬರೆದಿದೆ. ನಾನು ಒಂದು ಸಲ ಮೇ ತಿಂಗಳಲ್ಲಿ ಆ ಹೊಲಗಳ ನಡುವೆ ಎರಡು ತಾಸು ನಡೆದು ತಲೆ ಸುತ್ತಿ ಕೂತುಬಿಟ್ಟಿದ್ದೆ. ಕೈಯಲ್ಲಿ ನೀರಿನ ಬಾಟಲಿ ಇತ್ತು, ಆದರೂ. ಅತ್ತು ಸೋತವರಿಗೆ 20 ಕಿ.ಮೀ. ಸಾಕು.

ದಿಬ್ಬದ_ಹುಡುಗ

ಒಪ್ಪಿದೆ ಅಕ್ಕ. ನಾನು ಬರೀ ನಕ್ಷೆ ನೋಡಿ ಲೆಕ್ಕ ಹಾಕಿದೆ.

ಮಡಕೆಚೂರು

ಇನ್ನೂ ಒಂದು ಹೆಸರು ಹೇಳಬೇಕು, ಇಲ್ಲದಿದ್ದರೆ ಪಟ್ಟಿ ಪೂರ್ತಿ ಆಗುವುದಿಲ್ಲ. ಬೇರ್ಷೆಬದ ಪಕ್ಕದ ತೆಲ್ ಷೆಬವನ್ನು ಜಾಸ್ತಿ ಜನ ಹಳೆಯ ಬೇರ್ಷೆಬ ಅನ್ನುತ್ತಾರೆ. ವೋಲ್ಕ್‌ಮಾರ್ ಫ್ರಿಟ್ಸ್ ಎಂಬ ವಿದ್ವಾಂಸ ಅದೇ ಚಿಕ್ಲಗ್ ಅಂದರು. ಅದಕ್ಕೆ ಹೆಚ್ಚು ಬೆಂಬಲ ಸಿಗಲಿಲ್ಲ. ನನಗೂ ಅದು ಒಪ್ಪಿಗೆಯಾಗಿಲ್ಲ.

ಪಂಡಿತರೂ ತಪ್ಪುತ್ತಾರೆ ಅನ್ನುವುದಕ್ಕೆ ಲಾಕೀಷೇ ಸಾಕ್ಷಿ. ಉಮ್ಮ್ ಲಾಕಿಸ್ ಎಂಬ ಜಾಗವನ್ನು ಹೆಸರು ಕೇಳಿ ಲಾಕೀಷ್ ಅಂದಿದ್ದರು. 1890ರಲ್ಲಿ ಫ್ಲಿಂಡರ್ಸ್ ಪೆಟ್ರಿ ತೆಲ್ ಎಲ್-ಹೆಸಿಯನ್ನು ಅಗೆದು ಇದು ಲಾಕೀಷ್ ಅಂದರು. 1929ರಲ್ಲಿ ಆಲ್‌ಬ್ರೈಟ್ ಬಂದು ಇಲ್ಲ, ಅದು ತೆಲ್ ಎದ್-ದುವೈರ್ ಅಂದರು. ಈಗ ಎಲ್ಲರೂ ಹೇಳುವುದು ಅದನ್ನೇ. 1930ರ ದಶಕದಲ್ಲಿ ಅಲ್ಲಿ ಶಾಯಿಯಿಂದ ಬರೆದ ಮಡಕೆಚೂರಿನ ಪತ್ರಗಳು ಸಿಕ್ಕವು. ಒಂದರಲ್ಲಿ ಲಾಕೀಷಿನ ದೀಪದ ಸಂಕೇತಕ್ಕೆ ಕಾಯುತ್ತಿದ್ದೇವೆ, ಅಜೇಕ ಎಂಬ ಊರು ಕಾಣುತ್ತಿಲ್ಲ ಅಂತ ಇದೆ. ನನ್ನ ಹ್ಯಾಂಡಲ್ ಹೆಸರು ಬಂದದ್ದೇ ಆ ಪತ್ರ ಓದಿದ ಮೇಲೆ.

ಬರಹ ಸಿಕ್ಕಿದರೆ ಮಾತು ಮುಗಿಯುತ್ತದೆ. ಗಿಬ್ಯೋನಿನಲ್ಲಿ 1950ರ ದಶಕದಲ್ಲಿ ಪ್ರಿಚರ್ಡ್ ಅಗೆದಾಗ ಹೂಜಿಯ ಹಿಡಿಗಳ ಮೇಲೆ ಊರಿನ ಹೆಸರೇ ಕೆತ್ತಿತ್ತು. ಗೆಜೆರಿನ ಹೊರಗೆ ಬಂಡೆಗಳ ಮೇಲೆ ಗೆಜೆರಿನ ಗಡಿ ಅಂತ ಬರೆದಿತ್ತು. 1996ರಲ್ಲಿ ಎಕ್ರೋನಿನಲ್ಲಿ ಐದು ಸಾಲಿನ ಕಲ್ಲುಶಾಸನ ಸಿಕ್ಕಿತು. ಅದರಲ್ಲಿ ಎಕ್ರೋನಿನ ಹೆಸರೂ ಇದೆ, ಗುಡಿ ಕಟ್ಟಿಸಿದ ಅರಸನ ಹೆಸರೂ ಇದೆ. ಆ ಅರಸನ ಹೆಸರು ಆಕೀಷ! ಚಿಕ್ಲಗ್ ಕೊಟ್ಟ ಆಕೀಷ ಅಲ್ಲ, ಅವನಿಗಿಂತ ಮುನ್ನೂರು ವರ್ಷ ಈಚೆಯವನು. ಆದರೆ ಆ ಹೆಸರು ಫಿಲಿಷ್ಟಿಯರಲ್ಲಿ ನಿಜಕ್ಕೂ ಇತ್ತು ಅಂತ ಕಲ್ಲೇ ಹೇಳಿತು. ಅದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಚಿಕ್ಲಗ್‌ಗೆ ಅಂಥದ್ದೊಂದು ಚೂರು ಇನ್ನೂ ಸಿಕ್ಕಿಲ್ಲ.

ಹೆಸರಿನ_ಬೇರು

ಮತ ಹೇಳಬೇಕಾದರೆ ನನ್ನದು ತೆಲ್ ಸೆರಾ. ಹೆಸರಿನ ಗುರುತು ಅಲ್ಲಿ ಏನೂ ಇಲ್ಲ, ಅದು ನನಗೆ ದೊಡ್ಡ ಕೊರತೆ. ಮದ್ಮನ್ನ, ಸನ್ಸನ್ನಕ್ಕಿಂತ ಅದು ಪಶ್ಚಿಮಕ್ಕೂ ಇದೆ. ಆದರೂ ಫಿಲಿಷ್ಟಿಯರ ಅರಸನ ಕೈಯಲ್ಲಿದ್ದ ಊರು ಪಶ್ಚಿಮಕ್ಕೇ ಇರಬೇಕಲ್ಲ.

ಚಕ್ಕುಬಂದಿ

ನನ್ನದೂ ಅದೇ. ತೆಲ್ ಹಲೀಫನ್ನು ಪೂರ್ತಿ ಬಿಟ್ಟಿಲ್ಲ. ಲಾಕೀಷಿನ ಪಕ್ಕದ್ದನ್ನು ಬಿಟ್ಟಿದ್ದೇನೆ.

ಓದುಗ_ಹಾಸನ

ಖಿರ್ಬೆತ್ ಅರ್-ರಾಇ ಬಗ್ಗೆ ನನಗೆ ಇನ್ನೂ ಸ್ವಲ್ಪ ನಂಬಿಕೆ ಇದೆ. ಫಿಲಿಷ್ಟಿಯರ ಪದರ, ಅದರ ಮೇಲೆ ದಾವೀದನ ಕಾಲದ ಪದರ ಅಷ್ಟು ಸ್ಪಷ್ಟವಾಗಿ ಸಿಕ್ಕಿದ್ದು ಸಣ್ಣ ವಿಷಯ ಅಲ್ಲ. ಆದರೆ ಪಟ್ಟಿಯ ವಾದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಭಾನುವಾರದ_ಟೀಚರ್

ಎಲ್ಲರಿಗೂ ಹೃದಯದಿಂದ ವಂದನೆ. ನಾನು ಹೀಗೆ ಮಾಡುತ್ತೇನೆ. ತೆಲ್ ಸೆರಾ, ತೆಲ್ ಹಲೀಫ್ ಎರಡಕ್ಕೂ ಪೆನ್ಸಿಲಿನಲ್ಲಿ ಸಣ್ಣ ಸೊನ್ನೆ ಹಾಕಿ, ಎರಡರ ಮೇಲೂ ಹಾಯುವ ಹಾಗೆ ಚಿಕ್ಲಗ್ ಅಂತ ಅಗಲವಾಗಿ ಬರೆಯುತ್ತೇನೆ. ದೊಡ್ಡ ಮಕ್ಕಳಿಗೆ ಯೆಹೋಶುವ 15 ಓದಿಸಿ, ಸ್ಕೇಲ್ ಕೊಟ್ಟು ಅವರೇ ಅಳೆಯಲಿ ಅಂತ ಬಿಡುತ್ತೇನೆ. ಓದುಗ_ಹಾಸನ ಅವರ ಜಾಗಕ್ಕೂ ಒಂದು ಸೊನ್ನೆ ಇರುತ್ತದೆ, ಅದನ್ನೂ ಅಳೆಯಲಿ.

ಒಂದೇ ಪ್ರಶ್ನೆ ಉಳಿಯಿತು. ಬೇರ್ಷೆಬದ ಅಕ್ಕ, ಬೆಸೋರ್ ಹಳ್ಳಕ್ಕೆ ನೀಲಿ ಬಣ್ಣ ಹಾಕಲೇ?

ಬೇರ್ಷೆಬದಿಂದ

ಪೂರ್ತಿ ನೀಲಿ ಬೇಡ ಟೀಚರ್. ಮಧ್ಯೆ ಮಧ್ಯೆ ಬಿಟ್ಟು ಗೆರೆ ಎಳೆಯಿರಿ. ನಮ್ಮ ಬಯಲುಸೀಮೆಯ ಹಳ್ಳದ ಹಾಗೇ ಇದು. ವರ್ಷದ ಜಾಸ್ತಿ ದಿನ ಬರೀ ಮರಳು, ಬೆಣಚುಕಲ್ಲು, ಅಲ್ಲಲ್ಲಿ ಹುಲ್ಲು. ಚಳಿಗಾಲದಲ್ಲಿ ಮೇಲೆ ಎಲ್ಲೋ ಮಳೆ ಬಿದ್ದರೆ ಒಂದು ತಾಸಿನಲ್ಲಿ ಕೆಂಪು ನೀರು ನುಗ್ಗಿ ಬರುತ್ತದೆ, ದಾಟಲು ಆಗುವುದಿಲ್ಲ. ಈ ಸಲ ಮೊದಲ ಮಳೆ ಬಂದ ಮೇಲೆ ಹೋಗಿ ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ. 200 ಜನ ಕೂತದ್ದು ಯಾವ ದಂಡೆಯ ಮೇಲೆ ಅಂತ ಮಕ್ಕಳಿಗೆ ತೋರಿಸಬಹುದು, ಉತ್ತರದ ದಂಡೆ.